ಎರಡನೆಯ ಗುಂಡಿ

ಅಲ್ಲಿ ಬೇಡ ಮಾರಾಯ, ಅಲ್ಲಿ ಕತ್ತಲೆ! ಈಚೆ ಬಾ, ಕಿಟಕಿಯ ಬುಡಕ್ಕೆ... ಹಾಂ, ಆ ಸ್ಟೂಲು ಎಳ್ಕೊ. ಬೆಳಕಿಗೆ ಮುಖ ಕೊಟ್ಟು ಕೂತ್ಕೊ. ಮತ್ತೆ ಮಾತಾಡುವಾಗ ಮುಖ ನನ್ನ ಕಡೆಗೇ ಇರ್ಲಿ. ನಿಮ್ಮ ಬೆಳಗಾವಿ ಕಡೆಯವರು ಗಟ್ಟಿ ಮಾತಾಡುವವರು ಅಂತ ನಾನು ಎಣಿಸಿದ್ದೆ, ನೀನು ನೋಡಿದ್ರೆ ಬಾಯೊಳಗೇ ಪಿಸಿಪಿಸಿ! ‘ಹೌದ್ರೀ ಅಣ್ಣಾರ’ ಅಂತ ಒಮ್ಮೆ ಜೋರು ಹೇಳು ನೋಡುವ... ಹಾಂ, ಹಾಗೆ! ಈಗೀಗ ಎಲ್ಲರೂ ಹಾಗೇ ಆಗಿದ್ದಾರೆ. ಬೊಂಬಾಯಿಯಲ್ಲಿ ಬಾಯಿ ಬಿಟ್ಟು ಮಾತಾಡುವವರೇ ಇಲ್ಲ. ಮನೆಯಲ್ಲಿ ನನ್ನ ಹೆಂಡತಿ ವಸಂತಿ ಸಹ ಹಾಗೆ, ಊಟಕ್ಕೆ ಕರೆಯುವುದಿದ್ದರೆ ಬಂದು ಭುಜ ತಟ್ಟುವುದು. ಯಾಕೆ, ಬಾಯಿಗೆ ಎಂತ ಆಗಿದೆ ಅವಳಿಗೆ? ಕಾಂತಪ್ಪ ಶೇರಿಗಾರನಿಗೆ ಒಂದು ಹೆಸರಿಲ್ಲವಾ ಕರೆಯಲಿಕ್ಕೆ?

ಮೊಣಕೈಯಾ? ಅದೆಂತ ಇಲ್ಲ, ಸ್ವಲ್ಪ ತರಚಿದ್ದು. ಭಾಂಡುಪ್ ಸ್ಟೇಷನ್ನಿನ ಹತ್ತಿರ ಒಬ್ಬ ಸೈಕಲಿನವ ಹಿಂದಿನಿಂದ ಬಂದು ಗುದ್ದಿದ. ಬೆಲ್ ಹೊಡೆಯಲಿಕ್ಕೆ ಆಗುವುದಿಲ್ಲವಾ ನಿನಗೆ ಅಂತ ನಾನು ಬೈದರೆ, ಅವ ನನ್ನನ್ನೇ ಬೈದ! ನಿಂತ ಜನವೂ ಅವನ ಕಡೆಗೇ. ಕಲಿಗಾಲ.

ಚಪ್ಪಲಿ! ಚಪ್ಪಲಿ ಹೊರಗೆ ಬಿಡು ಈರಣ್ಣ. ಗ್ಯಾರೇಜಾದರೆ ಎಂತಾಯ್ತು? ಬ್ಯಾಂಡ್ ಮಾಸ್ತರನ ಮೋಟಾರು ನಿಲ್ಲುವ ಜಾಗ ಆಗಿರಬಹುದು, ಆದರೆ ನಮ್ಮ ಬ್ಯಾಂಡು ಅಭ್ಯಾಸ ಮಾಡುವುದು ಇಲ್ಲಿ. ನಮ್ಮ ಅಪ್ಪ ಊರಿನ ದೇವಸ್ಥಾನದಲ್ಲಿ ಶ್ರುತಿ ಊದುತ್ತಿದ್ದವ. ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ವಾದ್ಯ ಮುಟ್ಟಿದರೆ ನಾಗರಬೆತ್ತದಲ್ಲಿ ಬಾರಿಸ್ತಿದ್ದ. ನಾನು ಕೋಟು, ಟೈ ಎಲ್ಲ ಹಾಕ್ತೇನೆ, ಬೂಟು ಮಾತ್ರ ಕಳಚಿಯೇ ಬಾರಿಸುವುದು. ಮದುವೆಗಳಲ್ಲಿ ಜನ ನಗ್ತಾರೆ. ಮಾಸ್ತರನೂ ನಗ್ತಾನೆ. ನೀನೂ ನಗ್ತಾ ಇದ್ದೀ... ನಗು, ನಗು.

ನೋಡು, ಮೊದಲೇ ಹೇಳ್ತೇನೆ. ನಿನ್ನ ಮೇಲೆ ನನಗೆ ಕೋಪ ಇಲ್ಲ. ಅಲ್ಲ... ಉಂಟು. ಲೊಟ್ಟೆ ಯಾಕೆ ಹೇಳಬೇಕು, ಉಂಟು. ಬರುವ ಶನಿವಾರದಿಂದ ಚರ್ಚ್‌ಗೇಟಿನ ಆ ದೊಡ್ಡ ಹೋಟೆಲಿನಲ್ಲಿ ನಮ್ಮ ಬ್ಯಾಂಡು, ಇಡೀ ವರ್ಷ. ಮದುವೆ, ನಾಮಕರಣ ಅಂತ ಊರಿಡೀ ಅಲೆಯುವುದು ಮುಗೀತು. ಆದರೆ ಬೇಸ್ ಗಿಟಾರು ಬಾರಿಸುವವ ಒಬ್ಬನೇ ಸಾಕು ಅಲ್ಲಿಗೆ. ಮಿನೇಜಸ್ ಮಾಸ್ತರ ನನ್ನ ಹತ್ತಿರ ಎಂತ ಹೇಳಿದ್ದು ಗೊತ್ತುಂಟಾ? ‘ಕಾಂತಪ್ಪ, ಈರಣ್ಣ ಗಿಟಾರು ಒಳ್ಳೆ ಬಾರಿಸ್ತಾನೆ, ಅವನಿಗೆ ಈ ಬೇಸಿನ ಗುಂಡಿಗಳನ್ನು ಒಮ್ಮೆ ತೋರಿಸಿಕೊಡು, ಮತ್ತೆ ನೋಡುವ.’ ಮತ್ತೆ ನೋಡುವ! ಎಂತ ನೋಡುವುದು? ನನ್ನ ಕುರ್ಚಿಯಲ್ಲಿ ನನ್ನ ಕೈಯಿಂದಲೇ ನಿನ್ನನ್ನು ಕೂರಿಸುವುದು! ಹೊಳೆ ದಾಟಿದ ಮೇಲೆ ಅಂಬಿಗನಿಗೆ ಎಂತ ಮರ್ಯಾದೆ?

ಇಲ್ಲ ಇಲ್ಲ, ತಲೆ ತಗ್ಗಿಸಬೇಡ. ನೀನು ಕೇಳಿಕೊಂಡು ಬಂದದ್ದಲ್ಲ, ಗೊತ್ತುಂಟು ನನಗೆ. ತಲೆ ಎತ್ತು. ಮುಖ ಕಾಣ್ಲಿ.

ಆ ಸ್ಪೀಕರ್ ಪೆಟ್ಟಿಗೆಯ ಸ್ವಿಚ್ ಹಾಕು. ಕೆಂಪು ದೀಪ ಬಂತಲ್ಲ? ಕೂಡ್ಲೆ ಬಾರಿಸಬೇಡ. ಒಳಗೆ ವಾಲ್ವುಗಳು ಬಿಸಿಯಾಗಬೇಕು, ಅಷ್ಟರೊಳಗೆ ಚಾ ಕುಡಿ. ಗ್ಲಾಸನ್ನು ಪೆಟ್ಟಿಗೆಯ ಮೇಲೆ ಇಡಬೇಡ ಮಾರಾಯ, ಚೆಲ್ಲಿದರೆ ಹೊಗೆ ಬರ್ತದೆ! ಆ ಹಲಗೆಯ ಮೇಲಿಡು... ನಿಲ್ಲು. ಈಗ ಮಾತಾಡಬೇಡ. ರೈಲು.

...ಹಾಂ, ಹೋಯ್ತು. ನೋಡಿದೆಯಾ, ಚಾ ಹೇಗೆ ನಡುಗಿತು! ಗೋಡೆಯ ಆಚೆಯೇ ಲೈನು. ನಮ್ಮ ಈ ಪಾರ್ಲೆಯಲ್ಲಿ ನಿಲ್ಲದ ಬೊರಿವಲಿ ಫಾಸ್ಟು ಬಂದರಂತೂ ನೆಲವೇ ಅದುರ್ತದೆ. ಗ್ಲಾಸು ನೋಡ್ತಾ ಇದ್ದರೆ ಸಾಕು, ಕಿವಿಯೇ ಬೇಡ. ಇಲ್ಲಿ ಒಂದು ಕಟ್ಟಳೆ ಉಂಟು, ಮಾಸ್ತರ ಮಾಡಿದ್ದು. ರೈಲು ಹೋಗುವಾಗ ಯಾರೂ ಬಾರಿಸಬಾರದು. ಕೈಯನ್ನು ತಂತಿಯಿಂದ ತೆಗೆದು ಸುಮ್ಮನೆ ಕೂತಿರಬೇಕು, ರೈಲು ದಾಟಿದ ಮೇಲೆ ಬಿಟ್ಟಲ್ಲಿಂದ ಪುನಃ. ತಪ್ಪಿದರೆ ಮಾಸ್ತರ ಟ್ರಂಪೆಟಿನಲ್ಲೇ ಮಂಡೆಗೆ ಹೊಡೆಯುತ್ತಾನೆ. ನೆನಪಿರ್ಲಿ ಆಯ್ತಾ?

ಈಗ ಈ ಬೇಸನ್ನು ತಕ್ಕೊ, ಮಡಿಲಲ್ಲಿ ಇಟ್ಕೊ. ಭಾರ ಅಲ್ವಾ? ಅಮೆರಿಕದ ಹಡಗಿನ ಒಬ್ಬ ಖಲಾಸಿ ತಂದದ್ದು. ಇದು ಬರುವ ಮೊದಲು ನನ್ನ ಹತ್ತಿರ ಇದ್ದದ್ದು ದೊಡ್ಡ ಬೇಸು, ಪಿಟೀಲಿನ ಮುತ್ತಜ್ಜನ ಹಾಗೆ, ನಿಂತು ಬಾರಿಸುವಂಥದ್ದು. ನನಗಿಂತಲೂ ಎತ್ತರ. ಭಾಂಡುಪಿನಲ್ಲಿ ಲೋಕಲಿನ ಲಗೇಜು ಡಬ್ಬಿಗೆ ಹಾಕಿ, ದಾದರಿನಲ್ಲಿ ಇಳಿಸಿ, ಬೆನ್ನ ಮೇಲೆ ಹೊತ್ತು ಸೇತುವೆ ಹತ್ತಿ, ಇಳಿದು, ಈಚೆ ಲೈನಿನ ಗಾಡಿ ಹಿಡಿದು... ಒಂದು ಸಲ ಎಂತ ಆಯ್ತು ಗೊತ್ತುಂಟಾ? ಅದಕ್ಕೆ ಬಿಳಿ ಬಟ್ಟೆ ಹೊದಿಸಿ ಡಬ್ಬಿಯಲ್ಲಿ ಮಲಗಿಸಿದ್ದೆ. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಹತ್ತಿದವಳು ನೋಡಿ ಕೈ ಮುಗಿದಳು ಮಾರಾಯ! ‘ಕೋಣ್ ಗೇಲಾ ರೇ ಭಾವೂ?’ ಅಂತ ಕೇಳಿದಳು. ಯಾರು ಹೋದದ್ದು ಅಂತ! ಹೆಣ ಅಂತ ಎಣಿಸಿದ್ದು ಅವಳು! ...ನಗು, ಇದಕ್ಕೆ ನಗಬಹುದು. ನಾನೂ ಆವತ್ತು ಕುರ್ಲಾದವರೆಗೆ ನಕ್ಕಿದ್ದೇನೆ.

ಒಳ್ಳೆ ವಾದ್ಯ ಅದು ಈರಣ್ಣ. ಹೊಟ್ಟೆಗೆ, ಎದೆಗೆ ತಾಗಿ ನಿಲ್ತಿತ್ತು. ತಂತಿ ಎಳೆದರೆ ಸ್ವರ ಸೀದಾ ಎಲುಬಿಗೆ ಬರ್ತಿತ್ತು. ಎಡಗಡೆ ಮಾಸ್ತರನ ಟ್ರಂಪೆಟ್, ಬಲಗಡೆ ಡ್ರಮ್ಮಿನವನ ಹಿತ್ತಾಳೆ ತಟ್ಟೆ, ಕಿವಿಯ ಬುಡದಲ್ಲೇ ಛಣ್ ಛಣ್ ಅಂತ... ವರ್ಷಗಟ್ಟಲೆ ಆ ಎರಡರ ನಡುವೆ ನಿಂತವ ನಾನು. ಆದರೂ ನನ್ನ ಸ್ವರ ನನಗೆ ಗೊತ್ತಾಗ್ತಿತ್ತು. ಮಾಸ್ತರ ಅದನ್ನು ಮಾರಿಬಿಟ್ಟ. ನನ್ನ ಹತ್ತಿರ ಒಂದು ಮಾತು ಕೇಳಲಿಲ್ಲ! ‘ಈಗ ಎಲ್ಲ ಕರೆಂಟಿನ ಮೇಲೆ ಕಾಂತಪ್ಪ, ಹೋಟೆಲಿನವರಿಗೆ ಹೊಸದು ಬೇಕು’ ಅಂತ ಹೇಳಿ ಇದನ್ನು ಕೈಗೆ ಕೊಟ್ಟ. ನೀನೇ ಹೇಳು, ತಂತಿ ಎಳೆಯುವುದು ಇಲ್ಲಿ, ಸ್ವರ ಹುಟ್ಟುವುದು ಅಲ್ಲಿ, ವಯರಿನ ಆಚೆ ತುದಿಯಲ್ಲಿ, ಒಂದು ಪೆಟ್ಟಿಗೆಯೊಳಗೆ. ಇದೆಂತ ನ್ಯಾಯ? ಮಗು ನಮ್ಮದು, ಅಳುವುದು ಪಕ್ಕದ ಖೋಲಿಯಲ್ಲಿ!

ಆಯ್ತು, ಆಯ್ತು, ಗುಂಡಿಗೆ ಬರ್ತೇನೆ. ಅವಸರ ಯಾಕೆ? ಕುರ್ಚಿ ಎಲ್ಲಿಗೂ ಓಡಿಹೋಗುವುದಿಲ್ಲ.

ಈ ಹೊಳೆಯುವ ತಗಡಿನ ಮುಚ್ಚಳ ಉಂಟಲ್ಲ, ಅದನ್ನು ಬಿಚ್ಚಬೇಡ. ಅಡಿಯಲ್ಲಿ ತಂತಿಗೆ ಒತ್ತಿಕೊಂಡು ಒಂದು ಸ್ಪಂಜಿನ ತುಂಡು ಉಂಟು, ಸ್ವರ ಗುಂಯ್ ಅಂತ ಉದ್ದಕ್ಕೆ ಎಳೆಯದ ಹಾಗೆ. ಅದರ ಕೆಳಗೆ ಎರಡು ಗುಂಡಿ, ರೇಡಿಯೋದಲ್ಲಿ ಇರ್ತದಲ್ಲ ಹಾಗೆ ತಿರುಗಿಸುವಂಥದ್ದು. ಇದು ಮೊದಲನೆಯದ್ದು. ದನಿ ಏರಿಸಲಿಕ್ಕೆ, ಇಳಿಸಲಿಕ್ಕೆ. ಈಚೆ ಪೂರ್ತಿ ತಂದರೆ ಸೊನ್ನೆ, ಎಂತದೂ ಇಲ್ಲ. ಆಚೆ ಪೂರ್ತಿ ಬಿಡಬೇಡ. ಯಾವತ್ತೂ ಪೂರ್ತಿ ಬಿಡಬೇಡ! ಪೆಟ್ಟಿಗೆ ಗೊರಗೊರ ಅಂತ ಗೊರಕೆ ಹೊಡೀತದೆ. ಮುಕ್ಕಾಲಿನಲ್ಲಿ ನಿಲ್ಲಿಸು. ಉಳಿದದ್ದು ಡ್ರಮ್ಮಿನವನಿಗೆ ಮರುಳು ಹಿಡಿದಾಗ ಬೇಕಾಗ್ತದೆ. ಈಗ ಬಾರಿಸು, ದಪ್ಪ ತಂತಿ... ನಿಲ್ಲು, ನಾನು ಸ್ವಲ್ಪ ಕಾಲು ಪೆಟ್ಟಿಗೆಗೆ ತಾಗಿಸ್ತೇನೆ. ತಾಳಕ್ಕೆ ಮಾರಾಯ, ತಾಳಕ್ಕೆ! ಕಾಲು ಎಲ್ಲಿಯಾದರೂ ಇಡಬೇಕಲ್ಲ? ಹಾಂ, ಬಾರಿಸು.

...ಒಳ್ಳೆದುಂಟು. ಹೆಬ್ಬೆರಳು ಗಟ್ಟಿ ಉಂಟು ನಿನ್ನದು.

ಒಂದು ಮಾತು ತಿಳ್ಕೊ, ಬೇಸಿನವನನ್ನು ಯಾರೂ ನೋಡುವುದಿಲ್ಲ. ನಮ್ಮ ಅಪ್ಪನ ಕತೆಯೇ. ನಾಗಸ್ವರದವನಿಗೆ ಶಾಲು ಹೊದಿಸ್ತಿದ್ದರು, ಪಕ್ಕದಲ್ಲಿ ಶ್ರುತಿ ಊದಿ ಊದಿ ಕೆನ್ನೆ ಬಾತುಹೋದ ಅಪ್ಪನಿಗೆ ಎರಡು ಬಾಳೆಹಣ್ಣು. ಶ್ರುತಿ ಇರುವಾಗ ಯಾರಿಗೂ ಅದರ ಗೊಡವೆ ಇಲ್ಲ. ನಿಂತರೆ ಮಾತ್ರ ‘ಓ, ಎಂತದೋ ಇಲ್ಲವಲ್ಲ’ ಅಂತ ತಿರುಗಿ ನೋಡ್ತಾರೆ. ಇಲ್ಲಿಯೂ ಅಷ್ಟೇ. ನಾವು ಬೆವರು ಸುರಿಸಿ ಬಾರಿಸುವುದು, ಅವರು ಕೋಳಿ ಕಾಲು ಚೀಪುವುದು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಎರಡನೆಯದ್ದಾ? ಅದನ್ನು ಬಿಡು, ಅದು ಸುಮ್ಮನೆ... ಕುಶಾಲಲ್ಲ ಮಾರಾಯ, ಅದು ಕೆಲಸವೇ ಮಾಡುವುದಿಲ್ಲ! ಆ ಖಲಾಸಿ ಟೋನು, ಟೋನು ಅಂತ ಎಂತದೋ ಹೇಳಿ ಮಾಸ್ತರನಿಗೆ ಟೋಪಿ ಹಾಕಿದ್ದು. ದನಿ ಚೂಪಾಗ್ತದಂತೆ, ಮತ್ತೆ ಮೆತ್ತಗಾಗ್ತದಂತೆ! ನಾನು ಆಚೆ ತಿರುಗಿಸಿದೆ, ಈಚೆ ತಿರುಗಿಸಿದೆ, ಎಲ್ಲ ಒಂದೇ. ತಗಡು ಬಿಚ್ಚಿ ನೋಡಿದೆ, ವಯರು ಎಲ್ಲ ಸಮ ಉಂಟು. ಆದರೂ ಒಂದೇ. ಶೋಕಿಗೆ ಇಟ್ಟದ್ದು, ಕೋಟಿನ ತೋಳಿಗೆ ಸುಮ್ಮನೆ ಗುಂಡಿ ಹೊಲೀತಾರಲ್ಲ, ಹಾಗೆ. ಎಲ್ಲಿ ಉಂಟೋ ಅಲ್ಲೇ ಇರ್ಲಿ ಅಂತ ನಾನು ಅದಕ್ಕೆ ಕೈ ಹಾಕುವುದೇ ಇಲ್ಲ.

ಮೊನ್ನೆ ಪಾರ್ಸಿಯವರ ಮದುವೆಯಲ್ಲಿ ನೀನೂ ಇದ್ದೆಯಲ್ಲ? ಒಳ್ಳೆ ನಡೀತಾ ಇತ್ತು. ಅರ್ಧದಲ್ಲಿ ಮಾಸ್ತರ ಟ್ರಂಪೆಟು ಇಳಿಸಿ, ಮದುಮಗಳ ಎದುರು, ಬಡಿಸುವವರ ಎದುರು, ನನ್ನ ಮುಖಕ್ಕೇ ಬಂದು ಬೊಬ್ಬೆ! ‘ಬೇಸ್ ಬಾರಿಸು ಅಂದರೆ ಡಾಲ್ಡಾ ಡಬ್ಬ ಬಡಿದ ಹಾಗೆ ಟಿಣಿಟಿಣಿ ಮಾಡ್ತೀಯಲ್ಲ ಕಾಂತಪ್ಪ, ಕಿವಿಯನ್ನು ಭಾಂಡುಪಿನಲ್ಲಿ ಬಿಟ್ಟು ಬಂದೆಯಾ?’ ಟಿಣಿಟಿಣಿಯಂತೆ! ನನ್ನ ಬೇಸು! ನನ್ನ ಕಾಲಿಗೆ ಸಮವೇ ಇತ್ತು... ನನಗೆ ಸಮವೇ ಇತ್ತು. ತಂತಿ ಹೊಸದು, ಅದಕ್ಕೇ ಇರಬೇಕು ಅಂದೆ. ಅವ ನಮ್ಮ ಮಂಗಳೂರಿನವನೇ ಅಲ್ವಾ, ಗಾದೆಗೇನು ಕಮ್ಮಿ? ‘ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ’ ಅಂದ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ನಾನು ನೋಡಿದ್ದೇನೆ. ಅದಕ್ಕೇ ಇವತ್ತು ನಿನ್ನನ್ನು ಒಳಗೆ ಬಿಟ್ಟದ್ದು, ಇಲ್ಲದಿದ್ದರೆ ಬಾಗಿಲಿನಿಂದಲೇ ಓಡಿಸ್ತಿದ್ದೆ.

ನೆಪ ಅಷ್ಟೇ ಮಾರಾಯ. ಪ್ರಾಯವಾದವನನ್ನು ಕಳಿಸಲಿಕ್ಕೆ ಒಂದು ನೆಪ ಬೇಕಲ್ಲ...

ಹೇ, ಎಂತ ಮಾಡ್ತಾ ಇದ್ದೀ? ಬಿಡು ಅಂದೆನಲ್ಲ ಅದನ್ನು! ...ಸರಿ, ತಿರುಗಿಸು. ನೀನೇ ನೋಡು. ಆಚೆಗೆ ತಿರುಗಿಸು, ಬಾರಿಸು... ಹಾಂ. ಈಗ ಈಚೆಗೆ. ಬಾರಿಸು... ನೋಡಿದೆಯಾ? ಒಂದೇ!

ಯಾಕೆ? ಮುಖ ಯಾಕೆ ಹೀಗಾಯ್ತು ನಿನ್ನದು? ಪುನಃ ಯಾಕೆ ತಿರುಗಿಸ್ತೀ? ...ಎಂತ ಬದಲಾಗುವುದು? ಎಂತದೂ ಬದಲಾಗುವುದಿಲ್ಲ! ...ಇಲ್ಲಿ ಇಟ್ಟರೆ ಟಿಣಿಟಿಣಿಯಾ? ಅಲ್ಲಿ ತಂದರೆ ಮೆತ್ತಗೆಯಾ? ...ಲೊಟ್ಟೆ! ಲೊಟ್ಟೆ ಹೇಳ್ತೀ ನೀನು! ನಾನು ಇಲ್ಲೇ ಕೂತಿದ್ದೇನಲ್ಲ? ಪೆಟ್ಟಿಗೆಯ ಬುಡದಲ್ಲೇ ಕೂತಿದ್ದೇನಲ್ಲ? ಈಗ ಗೊತ್ತಾಯ್ತು ನನಗೆ. ಗುಂಡಿ ಕಲಿಯಲಿಕ್ಕೆ ಬಂದದ್ದಲ್ಲ ನೀನು. ‘ಕಾಂತಪ್ಪನ ಕಿವಿ ಹೇಗುಂಟು, ಹೋಗಿ ನೋಡಿ ಬಾ’ ಅಂತ ಮಾಸ್ತರ ಕಳಿಸಿದ್ದು! ಹೌದಾ, ಅಲ್ವಾ? ಮಂಡೆ ಅಲ್ಲಾಡಿಸಬೇಡ, ಬಾಯಿ ಬಿಟ್ಟು ಹೇಳು!

ಕೈ ತೆಗಿ! ವಸಂತಿಯ ಹಾಗೆ ಭುಜ ತಟ್ಟಲಿಕ್ಕೆ ನೀನೂ ಬರ್ಬೇಡ.

ನನಗೆ ಕೇಳುವುದಿಲ್ಲ ಅಂತ ಹೇಳ್ತೀಯಾ ಹೋಗಿ? ಹೇಳು! ಆ ಒಂದು ಮಾತು ಸಾಕು, ನನ್ನ ಕತೆ ಮುಗೀತು. ಕೆಪ್ಪನನ್ನು ಯಾವ ಬ್ಯಾಂಡಿನವ ಇಟ್ಟುಕೊಳ್ತಾನೆ? ಈ ಪ್ರಾಯದಲ್ಲಿ ಪುನಃ ಫೋರ್ಟಿನ ಉಡುಪಿ ಹೋಟೆಲಿಗೆ ಹೋಗಿ ಕಪ್ಪು-ಬಸಿ ತೊಳೆಯಬೇಕಾ ನಾನು? ಅಲ್ಲಿಂದಲೇ ಬಂದವ! ಬೇಸು ಹೊರಲಿಕ್ಕೆ ಒಂದು ಆಳು ಬೇಕು ಅಂತ ಮಾಸ್ತರ ನನ್ನನ್ನು ಆ ಮೋರಿಯಿಂದ ಎಬ್ಬಿಸಿಕೊಂಡು ಹೋದ. ಹೊರುತ್ತಾ ಹೊರುತ್ತಾ ಬಾರಿಸಲಿಕ್ಕೆ ಕಲಿತೆ. ನನಗೆ ಬೇರೆ ಎಂತದೂ ಬರುವುದಿಲ್ಲ ಈರಣ್ಣ. ಇದೊಂದೇ ಬರುವುದು.

ಆಯ್ತು. ಪರೀಕ್ಷೆಯೇ ಆಗ್ಲಿ. ಈಗಲೇ ಆಗ್ಲಿ! ನಾನು ನಿನಗೆ ಬೆನ್ನು ಹಾಕಿ, ಪೆಟ್ಟಿಗೆಯ ಕಡೆಗೆ ತಿರುಗಿ ಕೂತ್ಕೊಳ್ತೇನೆ, ಕಣ್ಣು ಮುಚ್ಚಿ. ನೀನು ಬಾರಿಸು. ಮೊದಲನೆಯ ಗುಂಡಿಯನ್ನು ಬೇಕಾದ ಹಾಗೆ ಏರಿಸು, ಇಳಿಸು. ಎಂತ ಮಾಡಿದೆ ಅಂತ ನಾನು ಹೇಳ್ತಾ ಹೋಗ್ತೇನೆ. ಮತ್ತೆ ನೀನೇ ಹೋಗಿ ಮಾಸ್ತರನಿಗೆ ಹೇಳು, ಕಾಂತಪ್ಪನ ಕಿವಿ ಎಂಥದ್ದು ಅಂತ. ಸಮ ಹೇಳಿದರೆ ಶನಿವಾರ ಆ ಕುರ್ಚಿ ನನ್ನದು, ಒಪ್ಪಿಗೆಯಾ? ...ಕಾಲು? ಕಾಲು ಪೆಟ್ಟಿಗೆಯ ಮೇಲೇ ಇರ್ತದೆ. ಅದು ನನ್ನ ಅಭ್ಯಾಸ, ಅದಕ್ಕೆ ನಿನ್ನ ಅಪ್ಪಣೆ ಬೇಡ.

ಬಾರಿಸು.

...ದಪ್ಪ ತಂತಿ, ಮುಕ್ಕಾಲು. ...ಹಾಂ, ಈಗ ಅದರ ಪಕ್ಕದ್ದು. ...ಇಳಿಸಿದೆ. ಅರ್ಧ. ಇನ್ನೂ ಇಳಿಸಿದೆ. ಸಮವಾ? ಹೇಳ್ಬೇಡ, ಸಮವೇ ಉಂಟು! ...ಈಗ ನಿಲ್ಲಿಸಿದೆ. ಯಾಕೆ, ಹೆದರಿದೆಯಾ? ಬಾರಿಸು ಮಾರಾಯ, ಇಷ್ಟಕ್ಕೇ ಕೈ ಸೋತಿತಾ?

...ಹಾಂ! ಈಗ ಬಂತು! ದಪ್ಪ ತಂತಿ... ಮೆಲ್ಲ ಮೆಲ್ಲ ಏರಿಸ್ತಾ ಇದ್ದೀ... ಅರ್ಧ... ಮುಕ್ಕಾಲು... ಓಹೋ, ಪೂರ್ತಿ ಬಿಟ್ಟೆಯಾ! ಬಿಡಬೇಡ ಅಂದಿದ್ದೆ... ಇರ್ಲಿ, ಬಿಡು, ಬಿಡು! ಎಂತ ಸ್ವರ ಮಾರಾಯ! ನನ್ನ ದೊಡ್ಡ ಬೇಸಿನ ಹಾಗೆ, ಸೀದಾ ಎಲುಬಿಗೆ ಬರ್ತಾ ಉಂಟು... ಎಷ್ಟು ಕಾಲ ಆಯ್ತು ಹೀಗೆ... ಬೇಸು ಅಂದರೆ ಇದು! ...ಈಗ ಇಳಿಸ್ತಾ ಇದ್ದೀ. ಮೆಲ್ಲ... ಮೆಲ್ಲ... ಭೇಷ್! ಭೇಷ್ ಈರಣ್ಣ! ನಿನ್ನ ಕೈಯನ್ನು ನಾನು ಒಪ್ಪಿದೆ. ನೀನು ನನ್ನ ಕಿವಿಯನ್ನು ಒಪ್ಪು ಈಗ. ಎಲ್ಲಿ ತಪ್ಪಿದೆ, ಹೇಳು ನೋಡುವ!

...ಹೇಳು ಅಂದೆ.

...ಕೈ ಯಾಕೆ ಕಟ್ಟಿಕೊಂಡು ಕೂತಿದ್ದೀ? ಈಗಷ್ಟೇ ಬಾರಿಸ್ತಾ ಇದ್ದೆಯಲ್ಲ? ...ಗ್ಲಾಸು. ಗ್ಲಾಸು ಇನ್ನೂ ನಡುಗ್ತಾ ಉಂಟು. ಚಾ ಚೆಲ್ಲಿದೆ ಹಲಗೆಯ ಮೇಲೆ.

ರೈಲು ಹೋದದ್ದಾ?

ಬೊರಿವಲಿ ಫಾಸ್ಟು...

ರೈಲು ಹೋಗುವಾಗ ಕೈ ತೆಗೆದು ಸುಮ್ಮನೆ ಕೂರಬೇಕು ಅಂತ ನಾನೇ ಹೇಳಿದ್ದು. ಹೇಳಿದ ಹಾಗೆಯೇ ಮಾಡಿದೆ ನೀನು. ತಪ್ಪಿಲ್ಲ ನಿನ್ನದು. ಆ ದಪ್ಪ ತಂತಿ, ಮುಕ್ಕಾಲು, ಪೂರ್ತಿ ಅಂತ ನಾನು ಹೇಳ್ತಾ ಇದ್ದದ್ದು... ಭೇಷ್ ಅಂದೆನಲ್ಲ ನಾನು. ರೈಲಿಗೆ.

ನಗು ಮಾರಾಯ! ಈಗ ನಗು! ಹೆಣ ಅಂತ ಕೈ ಮುಗಿದ ಹೆಂಗಸಿಗೆ ನಕ್ಕೆಯಲ್ಲ, ಇದಕ್ಕೆ ಯಾಕೆ ನಗುವುದಿಲ್ಲ? ಬೈಯುವುದಾದರೂ ಬೈ. ಎಂತದಾದರೂ ಹೇಳು... ತುಟಿ ಅಲ್ಲಾಡುವುದಿಲ್ಲವಲ್ಲ ನಿನ್ನದು. ಅಯ್ಯೋ ದೇವರೇ, ಹಾಗೆ ನೋಡಬೇಡ ನನ್ನನ್ನು. ಹಾಗೆ ನೋಡಬೇಡ.

ಮಾಸ್ತರನಿಗೆ ಎಂತ ಹೇಳ್ತೀ ಅಂತ ನಾನು ಕೇಳುವುದಿಲ್ಲ. ಶನಿವಾರ ನೀನು ಚರ್ಚ್‌ಗೇಟಿಗೆ ಹೋಗುವುದಾದರೆ ಬೂಟು ಹಾಕಿಯೇ ಬಾರಿಸು. ದೊಡ್ಡ ಹೋಟೆಲಿನವರಿಗೆ ಬರಿಗಾಲು ಕಂಡರೆ ಆಗುವುದಿಲ್ಲ. ನಿನಗೆ ಕಿವಿ ಉಂಟು, ಬರಿಗಾಲು ಬೇಕಂತ ಇಲ್ಲ.

ಒಂದು ಕೆಲಸ ಮಾಡು. ಪುನಃ ಕೈಗೆ ತಕ್ಕೊ ಅದನ್ನು. ಆ ಎರಡನೆಯ ಗುಂಡಿ... ಆಚೆಗೆ ತಿರುಗಿಸಿ ಬಾರಿಸು. ಈಗ ಈಚೆಗೆ ತಿರುಗಿಸಿ ಬಾರಿಸು. ಎಂತ ಆಗ್ತದೆ? ನನಗೊಂದು ಹೇಳು. ...ಮುಖ ಆಚೆ ಹಾಕಬೇಡ ಈರಣ್ಣ, ಬೆಳಕಿಗೆ ತಿರುಗು. ಅವಸರ ಇಲ್ಲ, ಮೆಲ್ಲ ಹೇಳು. ನಾನು ನೋಡ್ತಾ ಇದ್ದೇನೆ.